ಮರೆಮಾಡುವ ಹೊಗೆ, ಕೊಲ್ಲುವ ಹೊಗೆ

ಸಂಜೆ ಹೊತ್ತು ಬೀದಿಯಲ್ಲಿ ಸೊಳ್ಳೆಗೆಂದು ಬಿಡುವ ದಟ್ಟ ಬಿಳಿ ಹೊಗೆಯನ್ನು ಜನ ಔಷಧವೆಂದೇ ತಿಳಿಯುತ್ತಾರೆ. ಅದರ ಬಿಳುಪೆಲ್ಲ ಡೀಸೆಲ್‌ನದು. ಮೆಲಾಥಿಯಾನ್ ದ್ರಾವಣದಲ್ಲಿ ಔಷಧ ಒಂದು ಪಾಲು, ಡೀಸೆಲ್ ಹತ್ತೊಂಬತ್ತು ಪಾಲು. ಔಷಧ ಬೆರೆಸದೆ ಬರೀ ಡೀಸೆಲ್ ತುಂಬಿಸಿದರೂ ಹೊಗೆ ಅಷ್ಟೇ ಜೋರಾಗಿ ಏಳುತ್ತದೆ, ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನನ್ನ ನೌಕರಿಯ ಬಹುಪಾಲು ಮಂಗಳೂರಿನಲ್ಲಿ ಮಲೇರಿಯಾದ ಹಿಂದೆಯೇ ಕಳೆಯಿತು. ನಾವು ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದ ಈ ಫಾಗಿಂಗ್ ಮೆಷಿನ್ ಹುಟ್ಟಿದ್ದೆಲ್ಲಿ ಎಂದು ಓದುತ್ತ ಹೋದವನು ಕೊನೆಗೆ ಎರಡನೇ ಮಹಾಯುದ್ಧಕ್ಕೆ ಹೋಗಿ ಮುಟ್ಟಿದೆ.

ಸೊಳ್ಳೆಗೆ ಹೊಗೆ ಹಾಕುವುದು ನಮ್ಮ ಕಡೆ ಹೊಸತೇನಲ್ಲ. ಮುಸ್ಸಂಜೆಗೆ ಹಟ್ಟಿಯ ಮೂಲೆಯಲ್ಲಿ ತೆಂಗಿನ ಸಿಪ್ಪೆಗೆ ಕಿಡಿ ತಾಗಿಸಿ ಮೇಲೆ ಹಸಿ ಸೊಪ್ಪು ಹೊದಿಸುತ್ತಿದ್ದರು. ಅದು ಸುಟ್ಟು ಬರುವ ಹೊಗೆ. ಯಂತ್ರದ ಹೊಗೆಯಲ್ಲಿ ಎಣ್ಣೆ ಸುಡುವುದಿಲ್ಲ. ಕಾದ ಕೊಳವೆಯಲ್ಲಿ ಆವಿಯಾಗುತ್ತದೆ, ಹೊರಗಿನ ತಣ್ಣನೆಯ ಗಾಳಿ ತಾಗಿದೊಡನೆ ಮತ್ತೆ ಸಣ್ಣ ಸಣ್ಣ ಹನಿಗಳಾಗಿ ತೇಲುತ್ತದೆ. ಈ ಉಪಾಯವನ್ನು ಲೆಕ್ಕಾಚಾರ ಹಾಕಿ ಪಳಗಿಸಿದವರು ಅಮೆರಿಕದ ಸ್ಕೆನೆಕ್ಟಡಿ ಊರಿನ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದ ಇಬ್ಬರು. ಒಬ್ಬರು ಇರ್ವಿಂಗ್ ಲ್ಯಾಂಗ್‌ಮ್ಯೂರ್, 1932ರಲ್ಲಿ ರಸಾಯನಶಾಸ್ತ್ರಕ್ಕೆ ನೊಬೆಲ್ ಪಡೆದವರು. ಇನ್ನೊಬ್ಬರು ವಿನ್ಸೆಂಟ್ ಶೇಫರ್, ಹೈಸ್ಕೂಲು ಮುಗಿಸದೆ ಅದೇ ಕಂಪನಿಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು ಮೇಲೆ ಬಂದವರು. ಈ ಜೋಡಿಯ ಮೇಲೆ ನನಗೆ ವಿಶೇಷ ಅಭಿಮಾನ.

ಗ್ಯಾಸ್ ಮಾಸ್ಕಿನ ಫಿಲ್ಟರು ಪರೀಕ್ಷಿಸಲು ಅವರಿಗೆ ಹೊಗೆ ಬೇಕಾಗಿತ್ತು. ಅಲ್ಲಿಂದ ಕೆಲಸ ತಿರುಗಿ, ವಿಮಾನಗಳ ಕಣ್ಣಿಗೆ ಬೀಳದಂತೆ ಊರನ್ನೇ ಮುಚ್ಚುವ ಹೊಗೆ ಮಾಡುವುದು ಹೇಗೆ ಎಂಬಲ್ಲಿಗೆ ಬಂತು. ಅದುವರೆಗೆ ಸೈನ್ಯದವರು ಡಬ್ಬಗಳಲ್ಲಿ ಎಣ್ಣೆ ಉರಿಸಿ ಕಪ್ಪು ಮಸಿ ಎಬ್ಬಿಸುತ್ತಿದ್ದರು. ಎಣ್ಣೆ ಸಿಕ್ಕಾಪಟ್ಟೆ ಖರ್ಚು, ಮುಚ್ಚಿದ್ದು ಅಷ್ಟಕ್ಕಷ್ಟೆ. ಬೆಳಕನ್ನು ಅತಿ ಹೆಚ್ಚು ಚದುರಿಸುವುದು ಸುಮಾರು 0.6 ಮೈಕ್ರಾನ್ ಅಗಲದ ಹನಿ, ಅಂದರೆ ಬೆಳಕಿನ ಅಲೆಯಷ್ಟೇ ಗಾತ್ರದ್ದು, ಎಂದು ಲ್ಯಾಂಗ್‌ಮ್ಯೂರ್ ತೋರಿಸಿದರು. ಹನಿ ಆ ಗಾತ್ರದ್ದಾದರೆ ಸ್ವಲ್ಪ ಎಣ್ಣೆಯೇ ಸಾಕು. 1942ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೋಹರಿ ಕಣಿವೆಯಲ್ಲಿ ಪರೀಕ್ಷೆ ನಡೆಯಿತು. ಗುಡ್ಡದ ಮೇಲೆ ನಿಂತ ಅಧಿಕಾರಿಗಳ ಕಣ್ಣೆದುರೇ ಕಣಿವೆ ಬಿಳಿಯಾಗಿ ಮುಚ್ಚಿಹೋಯಿತು.

ಸೈನ್ಯಕ್ಕೆ ಮೊದಲು ಸಿಕ್ಕ ಎಂ1 ಯಂತ್ರ ಒಂದು ಟನ್ನಿಗಿಂತ ಭಾರ. ಅದನ್ನು ಹೊತ್ತು ಓಡಾಡುವ ಮಾತಿಲ್ಲ. ಆಮೇಲೆ ಬಂದ ಎಂ2 ಸುಮಾರು 80 ಕಿಲೋಗೆ ಇಳಿಯಿತು. ಆವಿಯ ಎಂಜಿನ್ನಿನ ವಿಮಾನವನ್ನು 1933ರಲ್ಲಿ ಹಾರಿಸಿ ತೋರಿಸಿದ್ದ ಬೆಸ್ಲರ್ ಸಹೋದರರ ಕಂಪನಿ ಅದನ್ನು ರೂಪಿಸಿತು. ಕೊಳವೆಯಲ್ಲಿ ಆವಿ ಮಾಡುವುದು ಅವರಿಗೆ ಕೈಗೆ ಹತ್ತಿದ ವಿದ್ಯೆಯಾಗಿತ್ತು. 1944ರಲ್ಲಿ ಇಟಲಿಯ ಆಂಜಿಯೋ ಬಂದರನ್ನು ಬೆಟ್ಟದ ಮೇಲಿದ್ದ ಜರ್ಮನ್ ಫಿರಂಗಿಗಳಿಂದ ಮರೆಮಾಡಿದ್ದು, 1945ರ ಮಾರ್ಚ್‌ನಲ್ಲಿ ರೈನ್ ನದಿ ದಾಟುವಾಗ ಹತ್ತಾರು ಮೈಲಿ ಉದ್ದಕ್ಕೆ ತೆರೆ ಕಟ್ಟಿದ್ದು ಇಂಥ ಹೊಗೆಯೇ.  

ಯುದ್ಧ ಮುಗಿಯುವ ಮೊದಲೇ ಹೊಗೆ ಯಂತ್ರಕ್ಕೆ ಡಿಡಿಟಿ ಎಂಬ ಕೀಟನಾಶಕ ಸೇರಿತು. 1945ರ ಜುಲೈಯಲ್ಲಿ ನ್ಯೂಯಾರ್ಕಿನ ಜೋನ್ಸ್ ಬೀಚಿನಲ್ಲಿ ತೆಗೆದ ಫೋಟೊ ಪ್ರಸಿದ್ಧವಾಗಿದೆ. ಟಾಡ್ ಹಡಗುಕಟ್ಟೆ ಕಂಪನಿಯ ಹೊಗೆ ಯಂತ್ರ ಹೊತ್ತ ಲಾರಿ ಮರಳಿನ ಮೇಲೆ ಹೋಗುತ್ತಿದೆ, ಸ್ನಾನದ ಉಡುಪಿನಲ್ಲಿರುವ ಜನ ಹೊಗೆಯೊಳಗೇ ನಿಂತಿದ್ದಾರೆ. ಮನುಷ್ಯರಿಗೆ ಅಪಾಯವಿಲ್ಲವೆಂದು ಲಾರಿಯ ಮೇಲೆ ದೊಡ್ಡದಾಗಿ ಬರೆದಿದೆ. 1972ರಲ್ಲಿ ಅದೇ ದೇಶ ಡಿಡಿಟಿಯನ್ನು ನಿಷೇಧಿಸಿತು. ಆ ಬರಹವನ್ನು ನೋಡುವಾಗಲೆಲ್ಲ ನನಗೆ ನಮ್ಮ ಯಂತ್ರದ ಹಿಂದೆ ಕುಣಿಯುತ್ತ ಬರುತ್ತಿದ್ದ ಮಕ್ಕಳ ನೆನಪಾಗಿ ಸಂಕಟವಾಗುತ್ತದೆ. ಗದರಿಸಿ ಓಡಿಸಿದರೂ ಇನ್ನೊಂದು ತಿರುವಿನಲ್ಲಿ ಮತ್ತೆ ಹಾಜರಾಗುತ್ತಿದ್ದರು.

ಹೆಗಲಿಗೆ ಹಾಕುವ ಯಂತ್ರ ಬಂದದ್ದು ಶತ್ರುವಿನ ಪಾಳಯದಿಂದ. 1944ರ ಜೂನ್ 13ರಿಂದ ಲಂಡನ್ ಮೇಲೆ ಬೀಳತೊಡಗಿದ ಜರ್ಮನಿಯ ವಿ-1 ಹಾರುಬಾಂಬಿಗೆ ಇದ್ದದ್ದು ಪಲ್ಸ್ ಜೆಟ್ ಎಂಜಿನ್. ಪೆಟ್ರೋಲು ಗಾಳಿಯೊಂದಿಗೆ ಬೆರೆತು ಸೆಕೆಂಡಿಗೆ ಹತ್ತಾರು ಸಲ ಸಿಡಿಯುತ್ತದೆ. ಪಿಸ್ಟನ್ ಇಲ್ಲ, ಚಕ್ರ ಇಲ್ಲ, ಗಾಳಿ ಬಿಡುವ ತೆಳು ಕವಾಟ ಮತ್ತು ಉದ್ದ ಕೊಳವೆ, ಅಷ್ಟೆ. ಯುದ್ಧವಾದ ಮೇಲೆ ಜರ್ಮನಿಯಲ್ಲಿ ಇದೇ ತತ್ವವನ್ನು ಪುಟ್ಟ ಕೊಳವೆಗೆ ಇಳಿಸಿ ‘ಸ್ವಿಂಗ್‌ಫಾಗ್’ನಂಥ ಯಂತ್ರಗಳನ್ನು ಮಾಡಿದರು. ಬೀದಿ ತುದಿಯಿಂದಲೇ ಕೇಳಿಸುವ ಆ ಅಬ್ಬರಕ್ಕೆ ಕಾರಣ ಆ ಸಿಡಿತವೇ.

ಚಾಲೂ ಮಾಡುವುದಕ್ಕೂ ಒಂದು ಕ್ರಮ ಉಂಟು. ಕೈಪಂಪನ್ನು ಒತ್ತಿ ಪೆಟ್ರೋಲಿಗೆ ಒತ್ತಡ ಕೊಡಬೇಕು, ಬ್ಯಾಟರಿಯ ಕಿಡಿ ಹಿಡಿದು ಸದ್ದು ಒಂದೇ ಸಮನಾಗುವವರೆಗೆ ಕಾಯಬೇಕು, ಕೊಳವೆ ಚೆನ್ನಾಗಿ ಕಾದ ಮೇಲಷ್ಟೇ ದ್ರಾವಣದ ಕೀಲಿ ತೆರೆಯಬೇಕು. ಅವಸರ ಮಾಡಿದರೆ ಆವಿಯಾಗದ ಡೀಸೆಲ್ ತುದಿಯಿಂದ ತೊಟ್ಟಿಕ್ಕಿ ಬೆಂಕಿ ಹೊತ್ತಿಕೊಳ್ಳುತ್ತದೆ. ನಿಲ್ಲಿಸುವಾಗ ಅದೇ ಉಲ್ಟಾ. “ಮೊದಲು ಔಷಧ ಬಂದ್ ಮಾಡು ಮಾರಾಯ, ಕೊಳವೆ ಖಾಲಿಯಾಗಲಿ, ಆಮೇಲೆ ಎಂಜಿನ್” ಎಂದು ನನ್ನ ಹಿರಿಯ ಜೊತೆಗಾರರು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದರು. ವರ್ಷಗಟ್ಟಲೆ ಬರೀ ಕರವಸ್ತ್ರ ಕಟ್ಟಿಕೊಂಡು ದುಡಿದವರು ಅವರು. ನಿವೃತ್ತಿಗೆ ಮೊದಲೇ ಕೆಮ್ಮು ಹಿಡಿದಿತ್ತು.

ಮಂಗಳೂರಿನಲ್ಲಿ 1990ರ ದಶಕದಲ್ಲಿ ಮಲೇರಿಯಾ ಏರಿದಾಗ ಊರೆಲ್ಲ ಕಟ್ಟಡಗಳು ಏಳುತ್ತಿದ್ದವು. ತಾರಸಿಯ ಮೇಲೆ ಕಟ್ಟಿ ನಿಲ್ಲಿಸಿದ ನೀರು, ಮುಚ್ಚಳವಿಲ್ಲದ ಟ್ಯಾಂಕು, ಬಾವಿ: ಅನಾಫಿಲಿಸ್ ಸ್ಟೀಫೆನ್ಸೈ ಸೊಳ್ಳೆಗೆ ಬೇಕಾದದ್ದೆಲ್ಲ ಅಲ್ಲಿತ್ತು. ಜನ ಕೇಳುತ್ತಿದ್ದದ್ದು ಮಾತ್ರ ಹೊಗೆಯನ್ನು. “ನಮ್ಮ ಬದಿಗೂ ಸ್ವಲ್ಪ ಬಿಡಿ ಮಾರಾಯ್ರೇ, ಆಚೆ ಗಲ್ಲಿಗೆ ಎಷ್ಟು ದಪ್ಪ ಬಿಟ್ಟಿದ್ದೀರಿ!” ಹೊಗೆ ದಪ್ಪವಾದಷ್ಟೂ ಒಳ್ಳೆಯದೆಂಬ ಈ ನಂಬಿಕೆಯ ಬಗ್ಗೆಯೇ ನನ್ನ ತಕರಾರು. ಕಣ್ಣಿಗೆ ದಟ್ಟವಾಗಿ ಕಾಣುವುದು ಲ್ಯಾಂಗ್‌ಮ್ಯೂರ್ ಲೆಕ್ಕದ ಅರೆ ಮೈಕ್ರಾನಿನ ಹನಿ. ಅದು ಸೊಳ್ಳೆಯ ಮೈಗೆ ಅಂಟದೆ ಗಾಳಿಯೊಂದಿಗೆ ಪಕ್ಕಕ್ಕೆ ಜಾರಿಹೋಗುತ್ತದೆ. ಸೊಳ್ಳೆಗೆ ತಾಗಿ ಕೊಲ್ಲಲು ಸುಮಾರು 10ರಿಂದ 20 ಮೈಕ್ರಾನಿನ ಹನಿ ಬೇಕು, ಅಂಥದ್ದು ಅಷ್ಟು ಬಿಳಿಯಾಗಿ ಕಾಣುವುದಿಲ್ಲ. ಯುಎಲ್‌ವಿ ಎಂಬ ತಣ್ಣನೆಯ ಸಿಂಪಡಣೆ ಯಂತ್ರಕ್ಕೆ ಡೀಸೆಲಿನ ಈ ಬಿಳಿ ಮೋಡವೇ ಬೇಡ. ಅದನ್ನು ಒಯ್ದರೆ “ಏನೂ ಬರುವುದಿಲ್ಲವಲ್ಲ, ಹಾಳಾಗಿದೆಯಾ?” ಎಂಬ ಪ್ರಶ್ನೆ.

ಹೊತ್ತು ನೋಡದೆ ಬಿಡುವುದೂ ವ್ಯರ್ಥ. ಬಿಸಿಲೇರಿದ ಮೇಲೆ ನೆಲದ ಕಾವಿಗೆ ಹೊಗೆ ಮೇಲೆದ್ದು ಹೋಗುತ್ತದೆ. ಬೆಳಗಿನ ಜಾವ ಅಥವಾ ಮುಸ್ಸಂಜೆ, ನೆಲ ತಂಪಾಗಿದ್ದು ಗಾಳಿ ಬೀಸದಿದ್ದಾಗ ಅದು ತಗ್ಗಿನಲ್ಲೇ ಹರಡುತ್ತದೆ. ಹಾಗೆ ಸರಿಯಾಗಿ ಬಿಟ್ಟರೂ ಸಾಯುವುದು ಆ ಗಳಿಗೆಯಲ್ಲಿ ಹಾರುತ್ತಿರುವ ಸೊಳ್ಳೆ ಮಾತ್ರ. ಟ್ಯಾಂಕಿನ ನೀರಿನಲ್ಲಿರುವ ಮರಿ ವಾರ ಹತ್ತು ದಿನದಲ್ಲಿ ರೆಕ್ಕೆ ಬಂದು ಏಳುತ್ತದೆ. ಆದ್ದರಿಂದ ಡೆಂಗಿಯೋ ಮಲೇರಿಯಾವೋ ಜೋರಾಗಿ ಹಬ್ಬುತ್ತಿರುವ ಜಾಗದಲ್ಲಿ, ಜ್ವರದ ಮನೆಯ ಸುತ್ತಮುತ್ತ ಹೊಗೆ ಬಿಡಿ ಎನ್ನುತ್ತೇನೆ. ಹಬ್ಬಕ್ಕೆ, ಸಭೆಗೆ, ಯಾರದೋ ಒತ್ತಾಯಕ್ಕೆ ಬಿಡುವುದು ಬೇಡ. ಹೊಗೆ ಬಿಟ್ಟ ಮರುದಿನ ಬೆಳಿಗ್ಗೆ ನಾವು ಟಾರ್ಚು, ಉದ್ದ ಹಿಡಿಯ ಬಿಳಿ ಸೌಟು ಹಿಡಿದು ಅದೇ ಮನೆಗಳ ತಾರಸಿ ಹತ್ತುತ್ತಿದ್ದೆವು. ಸೌಟಿನಲ್ಲಿ ಮರಿ ಕಂಡರೆ ಮನೆಯವರನ್ನು ಕರೆದು ತೋರಿಸಿ, ಅವರ ಕೈಯಿಂದಲೇ ಆ ನೀರು ಚೆಲ್ಲಿಸುತ್ತಿದ್ದೆವು.