ಕಟ್ಟೆ, ಕೆರೆ, ಅಂಗಡಿ: ಹೆದರಿದವರ ಜೊತೆ ಒಂದು ದಾರಿ

ಮೊದಲ ಭಾನುವಾರ ನಾವು ಗುರುವಾಯನಕೆರೆಯಿಂದಲೇ ವಾಪಸು ಬಂದೆವು. ಹೊರಟದ್ದು ಮೂಡಬಿದಿರೆಗೆ. ಮಡಂತ್ಯಾರಿನ ಒಳದಾರಿಯಲ್ಲಿರುವ ಗೆಳತಿಯ ಮನೆಯಿಂದ ಗುರುವಾಯನಕೆರೆಗೆ ಹತ್ತು ಕಿಲೋಮೀಟರ್ ಕೂಡ ಇಲ್ಲ. ಅಷ್ಟು ದೂರಕ್ಕೆ ನಮಗೆ ಒಂದೂವರೆ ಗಂಟೆ ಹಿಡಿಯಿತು. ಮೂರು ಕಡೆ ಕಾರು ನಿಲ್ಲಿಸಿದೆವು. ನಾಲ್ಕನೆಯ ಸಲ, ಪೇಟೆಯ ಕವಲು ಕಾಣುತ್ತಿದ್ದ ಹಾಗೆ ಅವಳು ನನ್ನ ಮಣಿಕಟ್ಟು ಹಿಡಿದು, "ಸಾಕು ಮಾರಾಯ್ತಿ, ತಿರುಗಿಸು" ಅಂದಳು. ಕೈ ತಣ್ಣಗಿತ್ತು. ಕೆರೆಯ ಪಕ್ಕ ಹತ್ತು ನಿಮಿಷ ನಿಂತು, ಕಾರಿನಿಂದ ಇಳಿಯದೆಯೇ ನೀರು ನೋಡಿ, ಮನೆಗೆ ಹಿಂತಿರುಗಿದೆವು.

2022ರ ಡಿಸೆಂಬರ್ ಅದು. ಪದವಿ ಓದುವಾಗ ನಾವು ಮೂವರು ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಮಡಂತ್ಯಾರಿನ ಗೆಳತಿ ಬಿ.ಎಡ್. ಮುಗಿಸಿದವಳು. 2021ರ ಎರಡನೇ ಅಲೆಯಲ್ಲಿ ಅವಳ ತಂದೆ ತೀರಿಕೊಂಡರು. ಅಂದಿನಿಂದ ಅವಳು ಅಂಗಳ ದಾಟಿರಲಿಲ್ಲ. ಅಮ್ಮನ ಜೊತೆ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಇನ್ನೊಬ್ಬಳು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದವಳು. ಒಂದು ಸಂಜೆ ಬಸ್ಸಿನಲ್ಲಿ ಉಸಿರು ಕಟ್ಟಿದಂತಾಗಿ, ಸತ್ತೇ ಹೋಗುತ್ತೇನೆ ಅನಿಸಿ, ಕೆಲಸ ಬಿಟ್ಟು ಊರಿಗೆ ಬಂದಿದ್ದಳು. ನಾನು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ದಾರಿಗಳು ಮತ್ತು ಸಂತೆಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿರುವವಳು. ಲಾಕ್‌ಡೌನ್ ಮುಗಿದ ಮೇಲೂ ಎಂಟು ತಿಂಗಳು ಒಂದು ಪುಟ ಬರೆಯಲಾಗದೆ ಕೋಣೆಯ ಬಾಗಿಲು ಹಾಕಿಕೊಂಡಿದ್ದೆ. ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ದಾರಿಗಳ ಚರಿತ್ರೆ ಬರೆಯುವವಳಿಗೆ ದಾರಿಗಿಳಿಯಲು ಹೆದರಿಕೆ. ಅಣ್ಣನ ಹಳೆಯ ಆಲ್ಟೊ ಕೇಳಿ ತಂದದ್ದು ಗೆಳತಿಯರಿಗಾಗಿ ಎಂದು ಹೇಳಿಕೊಂಡಿದ್ದೆ. ನನಗಾಗಿಯೂ ಹೌದು.

ಆ ರಾತ್ರಿ ಸೋತಂತೆ ಅನಿಸಿತ್ತು. ಸುಮ್ಮನೆ ನನ್ನ ಪ್ರಬಂಧದ ನಕಾಶೆ ತೆರೆದು, ನಾವು ಹೋಗಿ ಬಂದ ದಾರಿಯ ಮೇಲೆ ಬೆರಳಾಡಿಸಿದೆ. ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ಉಜಿರೆ, ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಗೆ ಹೋಗುವ ಹೆದ್ದಾರಿ. ಪುಂಜಾಲಕಟ್ಟೆಯಲ್ಲಿ ಕಟ್ಟೆ ಇದೆ. ಗುರುವಾಯನಕೆರೆಯಲ್ಲಿ ಕೆರೆ. ಬೆಳ್ತಂಗಡಿಯಲ್ಲಿ ಅಂಗಡಿ. ಗುರುವಾಯನಕೆರೆಯಿಂದ ವೇಣೂರಿನ ಕಡೆ ತಿರುಗಿದರೆ ಪಡಂಗಡಿ, ಕಾರ್ಕಳದ ಕಡೆ ಹೋದರೆ ಅಳದಂಗಡಿ. ದಕ್ಷಿಣಕ್ಕೆ ಸರಿದರೆ ಉಪ್ಪಿನಂಗಡಿ. ಎಷ್ಟೋ ವರ್ಷದಿಂದ ಈ ಹೆಸರುಗಳನ್ನು ಬರೆಯುತ್ತಿದ್ದೇನೆ, ಒಮ್ಮೆಯೂ ಹೊಳೆದಿರಲಿಲ್ಲ. ಇವೆಲ್ಲ ನಿಲ್ಲುವ ಜಾಗಗಳ ಹೆಸರು. ತಲೆಹೊರೆ ಇಳಿಸಿ ಕೂರಲು ಕಟ್ಟೆ, ಎತ್ತಿಗೆ ನೀರು ಕುಡಿಸಲು ಕೆರೆ, ಉಪ್ಪೋ ಬೆಲ್ಲವೋ ಕೊಂಡು ನಾಲ್ಕು ಮಾತಾಡಲು ಅಂಗಡಿ. ಈ ಸೀಮೆಯ ದಾರಿ ಬೆಳೆದದ್ದು ತಲುಪುವವರಿಂದ ಎಷ್ಟೋ, ನಡುವೆ ನಿಂತವರಿಂದಲೂ ಅಷ್ಟೇ.

ಹಾಗೆ ನಿಲ್ಲುವುದಕ್ಕೆ ಕಾರಣ ಸುಸ್ತು ಒಂದೇ ಆಗಿರಲಿಲ್ಲ. ಕರಾವಳಿಯ ಉಪ್ಪನ್ನು ಹೇರಿನೆತ್ತುಗಳ ಮೇಲೆ ಘಟ್ಟಕ್ಕೆ ಸಾಗಿಸುತ್ತಿದ್ದವರು ಗುಂಪು ಕೂಡಿದ ಮೇಲೆಯೇ ಕಾಡಿಗೆ ಕಾಲಿಡುತ್ತಿದ್ದರು. ಒಬ್ಬನೇ ಬಂದವನು ಮುಂದಿನ ಗುಂಪು ಬರುವ ತನಕ ಕಟ್ಟೆಯಲ್ಲಿ ಕಾಯಬೇಕು. ಕಾಯುವವನನ್ನು ಹೇಡಿ ಎಂದು ಯಾರೂ ಅನ್ನುತ್ತಿರಲಿಲ್ಲ. ಟಿಪ್ಪುವಿನ ಪತನದ ಬಳಿಕ ಈ ನಾಡನ್ನು ಕಂಡುಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿದ. 1801ರಲ್ಲಿ ಆತ ಇದೇ ಸೀಮೆಯನ್ನು ಹಾದು ಬೆಳ್ತಂಗಡಿ, ಜಮಾಲಾಬಾದ್ ಕೋಟೆ, ಪಡಂಗಡಿ, ವೇಣೂರು, ಮೂಡಬಿದಿರೆ, ಕಾರ್ಕಳಗಳಿಗೆ ಹೋದ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಆತನ ಪ್ರವಾಸ ಕಥನ ಒಂದು ದಿನಚರಿ: ಇವತ್ತು ಇಷ್ಟು ದೂರ ನಡೆದೆವು, ಇಲ್ಲಿ ತಂಗಿದೆವು. ಇಂದು ಅರ್ಧ ಗಂಟೆಯಲ್ಲಿ ಮುಗಿಯುವ ದಾರಿಗೆ ಅವನಿಗೆ ಒಂದು ದಿನ ಬೇಕಾಗಿತ್ತು. ಬೆನ್ನಿಗೆ ಸರ್ಕಾರವಿದ್ದರೂ ಆತ ಒಂಟಿಯಾಗಿ ನಡೆಯಲಿಲ್ಲ; ದುಭಾಷಿಗಳು, ಆಳುಕಾಳುಗಳ ಪರಿವಾರವೇ ಜೊತೆಗಿತ್ತು.

ಬುಕಾನನ್ ಬಂದುಹೋದ 70 ವರ್ಷಗಳ ನಂತರ, 1871ರಲ್ಲಿ, ಬರ್ಲಿನ್ನಿನ ವೈದ್ಯ ಕಾರ್ಲ್ ವೆಸ್ಟ್‌ಫಾಲ್ ಒಂದು ಕಾಯಿಲೆಗೆ ಹೆಸರಿಟ್ಟ: ಅಗೊರಾಫೋಬಿಯಾ. ಗ್ರೀಕ್ ಭಾಷೆಯಲ್ಲಿ ಅಗೊರಾ ಎಂದರೆ ಊರ ಜನ ಸೇರುವ ಬಯಲು, ಸಂತೆ. ನಮ್ಮ ಅಂಗಡಿ-ಪೇಟೆಗೆ ಹತ್ತಿರದ ಮಾತು. ಅವನಲ್ಲಿಗೆ ಬಂದ ಗಂಡಸರಿಗೆ ನಗರದ ಚೌಕ ದಾಟುವಾಗ, ಖಾಲಿ ಬೀದಿಯಲ್ಲಿ ನಡೆಯುವಾಗ ಎದೆ ಡವಗುಟ್ಟಿ ಕಾಲು ಏಳುತ್ತಿರಲಿಲ್ಲ. ತಮ್ಮ ಹೆದರಿಕೆಗೆ ಅರ್ಥವಿಲ್ಲ ಎಂಬುದು ಅವರಿಗೇ ಗೊತ್ತಿತ್ತು. ಆದರೆ ಗೊತ್ತಿದ್ದ ಮಾತ್ರಕ್ಕೆ ಕಾಲು ಏಳುವುದಿಲ್ಲ. ವೆಸ್ಟ್‌ಫಾಲ್ ಇನ್ನೊಂದನ್ನೂ ಗಮನಿಸಿ ಬರೆದಿಟ್ಟ. ಪಕ್ಕದಲ್ಲಿ ಒಬ್ಬರು ನಡೆದರೆ ಅದೇ ಜನ ಅದೇ ಚೌಕವನ್ನು ದಾಟುತ್ತಿದ್ದರು. ಮುಂದೆ ಹೋಗುತ್ತಿರುವ ಗಾಡಿಯೊಂದರ ಹಿಂದೆ, ಕೈಯಲ್ಲಿ ಕೋಲು ಹಿಡಿದುಕೊಂಡಾದರೂ ದಾಟುತ್ತಿದ್ದರು.

ಇದನ್ನು ಗೆಳತಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನೂರೈವತ್ತು ವರ್ಷದಿಂದ ಈ ಪಿರ್ಕಿ ಉಂಟು ಅಂತಾಯ್ತು" ಅಂದು ನಕ್ಕಳು. ತಿಂಗಳುಗಳ ಬಳಿಕ ಅವಳ ನಗು ಕೇಳಿದ್ದೆ.

ಎರಡನೆಯ ಭಾನುವಾರ ಹೊರಡುವಾಗ ಅವಳ ಅಮ್ಮ ಬೀಡಿ ಸೂಪನ್ನು ಬದಿಗಿಟ್ಟು ಕಾರಿನ ಹತ್ತಿರ ಬಂದರು. ಮಗಳಿಗಾಗಿ ಅವರು ಪ್ರಶ್ನೆ ಇಡಿಸಿದ್ದರು, ನೂಲು ಕಟ್ಟಿಸಿದ್ದರು, ಮನೆಯ ದೈವಕ್ಕೆ ತಂಬಿಲ ಕೊಟ್ಟಿದ್ದರು. ಇವನ್ನು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನನಗೆ ಮೊದಲು ಸುಲಭವಿತ್ತು, ಈಗ ಇಲ್ಲ. ನೇಮದಲ್ಲಿ ದೈವ ಅಭಯದ ನುಡಿ ಕೊಡುವಾಗ ಹೆದರಿದವರು ಒಂಟಿಯಾಗಿ ನಿಂತಿರುವುದಿಲ್ಲ. ಕುಟುಂಬ, ನೆರೆಕರೆ ಸುತ್ತ ನಿಂತು ಆ ಮಾತಿಗೆ ಕಿವಿಯಾಗುತ್ತಾರೆ. ಒಬ್ಬರ ಕಷ್ಟ ಅಷ್ಟು ಜನರ ಲೆಕ್ಕಕ್ಕೆ ಬರುತ್ತದೆ. ಅದಕ್ಕೂ ಒಂದು ಬಲವಿದೆ. ಮದ್ದು ಬೇಡ ಎನ್ನುವುದಕ್ಕೆ ಅದು ಕಾರಣವಾಗಬಾರದು ಅಷ್ಟೆ. ಅಮ್ಮ ನನಗೆ ಹೇಳಿದ್ದು ಇಷ್ಟು: "ಅವಳು ಬರುವಷ್ಟು ದೂರ ಕರ್ಕೊಂಡು ಹೋಗಿ ಮಗಾ. ಬೇಡ ಅಂದಲ್ಲಿಂದ ತಿರುಗಿಸಿ. ಒತ್ತಾಯ ಮಾಡ್ಬೇಡಿ."

ಈ ಮಾತಿನ ಬೆಲೆ ಗೊತ್ತಾಗಬೇಕಾದರೆ ಎರವಾಡಿಯನ್ನು ನೆನೆಯಬೇಕು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಆ ದರ್ಗಾಕ್ಕೆ ಮನಸ್ಸು ಕೆಟ್ಟವರನ್ನು ಮನೆಯವರು ದೂರದೂರಿನಿಂದ ಕರೆತರುತ್ತಿದ್ದರು. ಅದೂ ಗುಣವಾಗಲೆಂದು ಹೊರಟ ಪ್ರಯಾಣವೇ. ದರ್ಗಾದ ಹತ್ತಿರ ಖಾಸಗಿ ಆಶ್ರಯ ಮನೆಗಳು ಹುಟ್ಟಿಕೊಂಡವು, ಬಂದವರನ್ನು ಅಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದರು. 2001ರ ಆಗಸ್ಟ್ 6ರಂದು ಅಂಥ ಒಂದು ಮನೆಗೆ ಬೆಂಕಿ ಬಿದ್ದು 28 ಮಂದಿ ಸತ್ತರು. ಕಾಲಿಗೆ ಸರಪಳಿ ಇದ್ದವರು ಓಡುವುದು ಹೇಗೆ? ಹೀಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ. ಅದೇ ದೇಶದಲ್ಲಿ ಬೇರೆ ಬಗೆಯ ಜೊತೆಯೂ ಇತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಬಿಟ್ಟುಹೋಗುವ ಬದಲು ಉಳಿದು ನೋಡಿಕೊಂಡ ಮನೆಯವರು ಕಾಯಿಲೆಯನ್ನು ಅರ್ಥಮಾಡಿಕೊಂಡರು, ರೋಗಿಗಳು ಅವರೊಂದಿಗೇ ಮನೆಗೆ ಮರಳಿದರು. ಎರವಾಡಿಗೂ ಅಮೃತಸರಕ್ಕೂ ರೋಗಿಯನ್ನು ಕರೆದೊಯ್ದವರು ಮನೆಯವರೇ. ವ್ಯತ್ಯಾಸವಿದ್ದದ್ದು, ಬಂದ ದಾರಿಯಲ್ಲಿ ಹಿಂತಿರುಗಲು ಅವಕಾಶ ಇತ್ತೇ ಎನ್ನುವುದರಲ್ಲಿ.

ಆ ಭಾನುವಾರ ಗುರುವಾಯನಕೆರೆಯಲ್ಲಿ ಮತ್ತೆ ನಿಂತೆವು. ಈ ಸಲ ಅವಳು ಇಳಿದಳು. ಕೆರೆಯಾಚೆ ದೂರದಲ್ಲಿ ಗಡಾಯಿಕಲ್ಲು ಕಾಣುತ್ತಿತ್ತು. ಟಿಪ್ಪು ತನ್ನ ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಎಂದು ಕೋಟೆ ಕಟ್ಟಿಸಿದ ಬಂಡೆ. ಗೂಡಂಗಡಿಯಲ್ಲಿ ಚಾ ಕುಡಿದು, ಪಡಂಗಡಿ ದಾಟಿ ವೇಣೂರಿಗೆ ಹೋದೆವು. ದಾರಿಯಲ್ಲಿ ಉಸಿರು ಕಟ್ಟಿದ್ದು ಕಂಪನಿ ಬಿಟ್ಟವಳಿಗೆ. ಎದುರಿನಿಂದ ಬಸ್ಸೊಂದು ಹಾರ್ನ್ ಹೊಡೆದು ಬಂದಾಗ ಅವಳು ಸೀಟಿನಲ್ಲೇ ಮುದುಡಿದಳು. ಅವಳ ಬೆನ್ನ ಮೇಲೆ ಕೈಯಿಟ್ಟು "ಎಣಿಸು, ನಾನೂ ಎಣಿಸ್ತೇನೆ" ಅಂದದ್ದು ಅಂಗಳ ದಾಟದೆ ಇದ್ದವಳು.

ವೇಣೂರಿನ ಗೊಮ್ಮಟ 35 ಅಡಿ ಎತ್ತರದವನು. ಅಜಿಲ ಅರಸು ಮನೆತನದ ತಿಮ್ಮಣ್ಣಾಜಿಲ 1604ರಲ್ಲಿ ನಿಲ್ಲಿಸಿದ್ದು. ಕಾರ್ಕಳದಲ್ಲಿ 1432ರಿಂದಲೇ 42 ಅಡಿಯ ಗೊಮ್ಮಟನಿದ್ದ. ವೇಣೂರಿನಲ್ಲಿ ಇನ್ನೊಬ್ಬ ನಿಂತರೆ ತಮ್ಮೂರಿನ ಹಿರಿಮೆ ಕುಂದೀತು ಎಂದು ಕಾರ್ಕಳದ ಅರಸ ದಂಡೆತ್ತಿ ಬಂದನಂತೆ. ಆಗ ಅಜಿಲರು ಕಡೆದ ಮೂರ್ತಿಯನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹೂತಿಟ್ಟರು, ಕಾಳಗ ಮುಗಿದ ಮೇಲೆ ಹೊರತೆಗೆದು ನಿಲ್ಲಿಸಿದರು ಎನ್ನುತ್ತದೆ ಐತಿಹ್ಯ. ಶಾಸನದ ಆಧಾರ ಕೇಳುವುದು ನನ್ನ ಅಭ್ಯಾಸ. ಅಂದು ಕೇಳಲಿಲ್ಲ. ಕತೆ ಕೇಳಿದ ಬಿ.ಎಡ್. ಗೆಳತಿ ಮೂರ್ತಿಯನ್ನು ಬಹಳ ಹೊತ್ತು ನೋಡಿ, "ಮರಳಿನಿಂದ ಎತ್ತುವುದಕ್ಕೆ ಎಷ್ಟು ಜನ ಬೇಕಾದೀತು?" ಎಂದು ಕೇಳಿದಳು.

ಜನವರಿಯ ಮೂರನೆಯ ಪ್ರಯಾಣದಲ್ಲಿ ಮೂಡಬಿದಿರೆ ತಲುಪಿದೆವು. 1430ರ ಸಾವಿರ ಕಂಬದ ಬಸದಿಯಲ್ಲಿ ಆ ಹೊತ್ತು ಪ್ರವಾಸಿಗರಿದ್ದರು. ನಾವು ಒಂದು ಕಂಬಕ್ಕೆ ಆತು ಕೂತೆವು. ಮೂಡಬಿದಿರೆಯ ಇನ್ನೊಂದು ಬಸದಿಯ ಕತೆಯನ್ನು ಅಲ್ಲೇ ಹೇಳಿದೆ. ದಿಗಂಬರ ಜೈನರ ಅತ್ಯಂತ ಹಳೆಯ ಆಗಮವಾದ ಷಟ್ಖಂಡಾಗಮ, ಅದರ ಧವಲಾ ಟೀಕೆಯ ಸಹಿತ, ಗುರುಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದಿತ್ತು. ಬೀಗದೊಳಗೆ ಉಳಿದದ್ದರಿಂದಲೇ ಅದು ಬದುಕಿತು ಎನ್ನಬೇಕು. ಆದರೆ ಶತಮಾನಗಳ ಕಾಲ ಅದನ್ನು ಕಂಡವರು ಕೈಮುಗಿದರು, ಓದಲಿಲ್ಲ. 19ನೇ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಯಿತು. ಪ್ರತಿಕಾರರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿದರು. ಆ ಪ್ರತಿ ಊರಿಂದ ಊರಿಗೆ ದಾಟಿತು. 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ 16 ಸಂಪುಟಗಳಾಗಿ ಅಚ್ಚಾಯಿತು. ಕಾಪಾಡಲು ಹಾಕಿದ ಬೀಗವನ್ನು ಯಾವಾಗ ತೆಗೆಯಬೇಕು ಎನ್ನುವುದು ಸುಲಭದ ಪ್ರಶ್ನೆಯಲ್ಲ. ಒಳಗಿದ್ದ ವರ್ಷಗಳನ್ನು ವ್ಯರ್ಥ ಎಂದು ಹಳಿಯುವುದೂ ಸರಿಯಲ್ಲ.

ಈ ಪ್ರಯಾಣದಿಂದ ಯಾರೂ ಗುಣವಾಗಲಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಬೇಕು. ಸಿನಿಮಾಗಳಲ್ಲಿ ದಾರಿಗಿಳಿದ ಗೆಳೆಯರು ಘಟ್ಟದ ತುದಿಯಲ್ಲಿ ಕೈಚಾಚಿ ನಿಂತರೆ ಎಲ್ಲ ಸರಿಹೋಗುತ್ತದೆ. ನಮಗೆ ಸಿಕ್ಕಿದ್ದು ಅದಕ್ಕಿಂತ ಸಣ್ಣದು. ಡಾಕ್ಟರ ಹತ್ತಿರ ಹೋಗಬಹುದು ಎಂಬ ಧೈರ್ಯ ಅದು. ಮೂಡಬಿದಿರೆಯಿಂದ ಬಂದ ವಾರ ಕಂಪನಿ ಬಿಟ್ಟವಳು ಮಾನಸಿಕ ನೆರವಿನ ಸರ್ಕಾರಿ ದೂರವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದಳು. ಪಕ್ಕದಲ್ಲಿ ನಾವಿಬ್ಬರೂ ಕೂತಿದ್ದೆವು. ಆಮೇಲೆ ಇಬ್ಬರಿಗೂ ಮದ್ದು, ಆಪ್ತಸಮಾಲೋಚನೆ ಶುರುವಾದವು. ಹೆದರುವ ಜಾಗಕ್ಕೆ ಸ್ವಲ್ಪ ಸ್ವಲ್ಪವೇ ಹೋಗಿ, ತಡೆಯುವಷ್ಟು ಹೊತ್ತು ನಿಂತು, ಬಂದು, ಮತ್ತೆ ಹೋಗುವುದು ಚಿಕಿತ್ಸೆಯ ಒಂದು ಗೊತ್ತಾದ ಕ್ರಮ ಎಂದು ವೈದ್ಯರು ವಿವರಿಸಿದಾಗ ಗೆಳತಿ ನನ್ನ ಮುಖ ನೋಡಿದಳು. ಪುಂಜಾಲಕಟ್ಟೆ, ಗುರುವಾಯನಕೆರೆ, ಪಡಂಗಡಿ.

2024ರ ಫೆಬ್ರವರಿಯಲ್ಲಿ ವೇಣೂರಿನಲ್ಲಿ 12 ವರ್ಷಕ್ಕೊಮ್ಮೆ ಬರುವ ಮಹಾಮಸ್ತಕಾಭಿಷೇಕ ನಡೆಯಿತು. ಗೆಳತಿ ಹೊರಟಳು. ಆದರೆ ಜನ ಸೇರುತ್ತಿದ್ದ ಹಾಗೆ ಹಿಂದೆ ಸರಿದು, ರಸ್ತೆಬದಿಯ ಅಂಗಡಿಯ ಬೆಂಚಿನಲ್ಲಿ ಕೂತಳು. ನಾನೂ ಕೂತೆ. ಅಭಿಷೇಕ ಕಾಣಲಿಲ್ಲ, ವಾದ್ಯದ ಸದ್ದು ಮಾತ್ರ ಕೇಳುತ್ತಿತ್ತು. ಈಗ ಅವಳು ಬೆಳ್ತಂಗಡಿಯ ತನಕ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುತ್ತಾಳೆ. ಗುರುವಾಯನಕೆರೆ ಬಂದಾಗ ನನಗೊಂದು ಮೆಸೇಜ್ ಹಾಕುತ್ತಾಳೆ: "ಕೆರೆ ಬಂತು." ನಾನು ಬರೆಯುತ್ತಿರುವ ಅಧ್ಯಾಯವನ್ನು ಅಲ್ಲಿಗೆ ನಿಲ್ಲಿಸಿ, "ಸರಿ, ಹೋಗು" ಎಂದು ಉತ್ತರಿಸುತ್ತೇನೆ.