ಬರ್ಲಿನ್ ಕಿಚನರ್ ಆದ ಬಗೆ

ಕೆನಡಾ ದೇಶದ ಒಂಟೇರಿಯೋ ಪ್ರಾಂತದಲ್ಲಿ ಕಿಚನರ್ ಎಂಬ ನಗರವಿರುವುದು. 1916ರವರೆಗೆ ಇದಕ್ಕೆ ಬರ್ಲಿನ್ ಎಂದೇ ಹೆಸರು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಪೆನ್ಸಿಲ್ವೇನಿಯದಿಂದ ಬಂಡಿ ಹೂಡಿಕೊಂಡು ಬಂದ ಮೆನೊನೈಟರೆಂಬ ಕ್ರೈಸ್ತ ಪಂಗಡದವರು ಇಲ್ಲಿ ಕಾಡು ಕಡಿದು ಬೇಸಾಯಕ್ಕೆ ತೊಡಗಿದರು. ಇವರು ಜರ್ಮನ್ ನುಡಿಯವರು. ಆಯುಧ ಹಿಡಿಯೆವೆಂಬ ವ್ರತವುಳ್ಳವರು. ತರುವಾಯ ಜರ್ಮನಿಯಿಂದಲೇ ಕುಶಲಕರ್ಮಿಗಳು ಬಂದು ನೆಲಸಲು, 1833ರ ಸುಮಾರಿಗೆ ಬರ್ಲಿನ್ ಎಂಬುದು ಅನ್ವರ್ಥನಾಮವೇ ಆಯಿತು. ಮರಗೆಲಸ, ತೊಗಲು, ಗುಂಡಿ, ರಬ್ಬರುಗಳ ಕಾರ್ಖಾನೆಗಳು ಎದ್ದವು. ಇಗರ್ಜಿಯ ಪ್ರಾರ್ಥನೆ, ವರ್ತಮಾನಪತ್ರಿಕೆ, ಗಾಯನಗೋಷ್ಠಿಗಳು ಜರ್ಮನ್ ಭಾಷೆಯಲ್ಲಿ. ನಿಷ್ಠೆಯಾದರೋ ಇಂಗ್ಲೆಂಡಿನ ಸಿಂಹಾಸನಕ್ಕೆ. ಇವೆರಡಕ್ಕೂ ವಿರೋಧವಿದೆಯೆಂದು ಊರವರು ಬಗೆದಿರಲಿಲ್ಲ. ವಿಕ್ಟೋರಿಯಾ ರಾಣಿಯ ಹೆಸರಿನ ಉದ್ಯಾನದಲ್ಲಿಯೇ 1897ರಲ್ಲಿ ಜರ್ಮನ್ ಚಕ್ರವರ್ತಿ ಒಂದನೆಯ ವಿಲ್ಹೆಲ್ಮನ ಪ್ರತಿಮೆಯನ್ನು ನಿಲ್ಲಿಸಿದರು. ಲೋಕರೂಢಿಯಲ್ಲಿ ಅದೂ ಸಲ್ಲುವುದೇ. ಆತನು ರಾಣಿಗೆ ಬೀಗನಷ್ಟೆ!

1914ರ ಆಗಸ್ಟಿನಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ಅದೇ ತಿಂಗಳಲ್ಲಿ ಕೆಲವರು ಆ ಪ್ರತಿಮೆಯನ್ನು ಕಿತ್ತು ಉದ್ಯಾನದ ಕೆರೆಗೆ ಎಸೆದರು. ಮೇಲೆತ್ತಿ ಜರ್ಮನ್ ಸಂಘದ ಮನೆಯಲ್ಲಿ ಇರಿಸಿದುದನ್ನು 1916ರಲ್ಲಿ ಸೈನಿಕರು ನುಗ್ಗಿ ಒಯ್ದರು. ಆ ವರ್ಷವೇ ಲೂಥರ್ ಪಂಥದ ಪಾದ್ರಿಯೊಬ್ಬರನ್ನು ಮನೆಯಿಂದ ಎಳೆದುತಂದು ಬೀದಿಯಲ್ಲಿ ಹೊಡೆದರು. ನೂರು ವರ್ಷದ ನೆರೆಹೊರೆಯು ಎರಡು ವರ್ಷಗಳಲ್ಲಿ ಹೀಗಾಯಿತು. ಬರ್ಲಿನ್ ಎಂಬ ಮುದ್ರೆಯಿರುವ ಸರಕನ್ನು ಯಾರು ಕೊಳ್ಳುವರೆಂದು ವರ್ತಕರಿಗೂ ಭೀತಿಯುಂಟಾಯಿತು. ದೇಶಭಕ್ತಿಗೆ ವ್ಯಾಪಾರವು ಜೊತೆಗೂಡಿದರೆ ಕಾರ್ಯವು ತಡೆಯುವುದುಂಟೇ?

1916ರ ಮೇ 19ರಂದು ಮತದಾನ ನಡೆಯಿತು. ಹೆಸರು ಬದಲಾಗಲೆಂದವರು 1,569 ಮಂದಿ, ಬೇಡವೆಂದವರು 1,488. ಕೇವಲ 81 ಮತಗಳ ಅಂತರದಲ್ಲಿ ಹಳೆಯ ಹೆಸರು ಅಳಿಯಿತು. ಇನ್ನು ಹೊಸದಾವುದು? ಬ್ರಾಕ್, ಕೊರೋನ, ಕೆನಡಾ ಶಬ್ದವನ್ನೇ ತಿರುಗುಮುರುಗಾಗಿಸಿದ ಅಡನಾಕ್ ಮೊದಲಾದವು ಸೂಚಿತವಾದವು. ಈ ನಡುವೆ ಜೂನ್ 5ರಂದು ಬ್ರಿಟಿಷ್ ಯುದ್ಧಮಂತ್ರಿ ಕಿಚನರ್ ಪ್ರಭುವು ಹಡಗು ಮುಳುಗಿ ಮೃತನಾದನು. 1902ರಿಂದ 1909ರವರೆಗೆ ಭಾರತದ ಮಹಾಸೇನಾಧಿಪತಿಯಾಗಿ, ಕರ್ಜನ್ ಪ್ರಭುವಿನೊಡನೆ ಕಲಹವಾಡಿದವನು ಈತನೇ. ಆತನ ಹೆಸರೂ ಪಟ್ಟಿಗೆ ಸೇರಿತು. ಜೂನ್ ಕಡೆಯಲ್ಲಿ ನಡೆದ ಎರಡನೆಯ ಮತದಾನಕ್ಕೆ ಬಂದವರು 892 ಮಂದಿ ಮಾತ್ರ. ಕಿಚನರ್ ಹೆಸರಿಗೆ 346, ಬ್ರಾಕ್‌ಗೆ 335. ಸುಮಾರು ಹತ್ತೊಂಬತ್ತು ಸಾವಿರ ಜನರ ಊರಿಗೆ 346 ಮಂದಿ ನಾಮಕರಣ ಮಾಡಿದಂತಾಯಿತು. ಉಳಿದವರ ಮೌನವನ್ನು ಸಮ್ಮತಿಯೆಂದು ಎಣಿಸಲಾಗದು. ಸೆಪ್ಟೆಂಬರ್ 1ರಿಂದ ಹೊಸ ಹೆಸರು ಜಾರಿಗೆ ಬಂದಿತು.

1917ರ ಆದಿಯ ನಗರಸಭಾ ಚುನಾವಣೆಯಲ್ಲಿ ಬದಲಾವಣೆಯನ್ನು ವಿರೋಧಿಸಿದವರ ಪಕ್ಷವೇ ಗೆದ್ದಿತು. ಆದರೂ ಹಳೆಯ ಹೆಸರು ಹಿಂದಿರುಗಲಿಲ್ಲ. 1969ರಲ್ಲಿ ಅಲ್ಲಿ ಅಕ್ಟೋಬರ್‌ಫೆಸ್ಟ್ ಎಂಬ ಜರ್ಮನ್ ಉತ್ಸವವು ಆರಂಭವಾಗಿ, ಪ್ರತಿ ಶರತ್ಕಾಲದಲ್ಲಿ ವಾದ್ಯ, ನೃತ್ಯ, ಮೆರವಣಿಗೆಗಳೊಡನೆ ನಡೆಯುತ್ತ ಬಂದಿದೆ. ಕೆರೆಗೆ ಎಸೆದ ಪ್ರತಿಮೆಯು ಮಾತ್ರ ಮತ್ತೆ ಉದ್ಯಾನವನ್ನು ಸೇರಲಿಲ್ಲ.