ಕಲಾಪೋಷಣೆಯಲ್ಲಿ ದತ್ತಿಯೂ ದಾರಿಯೂ

ಮಂಡ್ಯ ತಾಲ್ಲೂಕಿಗೆ ಸೇರಿದ ಕೊತ್ತತ್ತಿಯ ಸೀಮೆಯಲ್ಲಿ ಪೌರಾಣಿಕ ನಾಟಕಗಳ ಅಭಿರುಚಿಯು ಎಷ್ಟು ಬಲವಾದುದೆಂಬುದು ಆ ಪ್ರಾಂತ್ಯವನ್ನು ಬಲ್ಲವರಿಗೆಲ್ಲ ವಿದಿತವಾಗಿದೆ. ಬೇಸಾಯದ ಬಿಡುವಿನಲ್ಲಿ ಹಳ್ಳಿಯವರು ನಾಟಕದ ಮೇಷ್ಟರನ್ನು ಕರೆಸಿ ‘ಕುರುಕ್ಷೇತ್ರ’ವನ್ನು ಕಲಿಯುತ್ತಾರೆ; ಪಾತ್ರಧಾರಿಯು ತನ್ನ ಪಾತ್ರಕ್ಕೆ ತಾನೇ ಹಣ ತೆತ್ತು ಪರದೆ, ಉಡುಪು, ಹಾರ್ಮೋನಿಯಂಗಳ ವೆಚ್ಚವನ್ನು ಹಂಚಿಕೊಳ್ಳುತ್ತಾನೆ. ಇಲ್ಲಿ ನಟನೇ ಪೋಷಕ, ನೆಂಟರಿಷ್ಟರೇ ಪ್ರೇಕ್ಷಕರು. ಊರೂ ನುಡಿಯೂ ತನ್ನವೇ ಆಗಿರುವಲ್ಲಿ ಈ ಏರ್ಪಾಡು ಸಾಕು. ಆದರೆ ಅಲ್ಪಸಂಖ್ಯಾತರ ನುಡಿಯನ್ನಾಡುವ ಕಲಾವಿದನು ಹೊಸ ಪ್ರೇಕ್ಷಕರನ್ನು ಅರಸಿ ಹೊರಟಾಗ ಆ ದಾರಿಯ ವೆಚ್ಚವನ್ನು ಹೊತ್ತವರು ಯಾರು? ಇದನ್ನು ಚರಿತ್ರೆಯ ಬೆಳಕಿನಲ್ಲಿ ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ಪ್ರಾಚೀನ ಪೋಷಣೆಯ ಸ್ವರೂಪಕ್ಕೆ ಬಳ್ಳಾರಿ ಜಿಲ್ಲೆಯ ಕುರುಗೋಡು ಸೋಮಸಮುದ್ರದ 1556ನೆಯ ಇಸವಿಯ ಶಾಸನವು ಉತ್ತಮ ನಿದರ್ಶನ. ದೇವಾಲಯದಲ್ಲಿ ತಾಳಮದ್ದಲೆಯನ್ನು ನಡೆಸುವವರಿಗೆ ಭೂಮಿಯನ್ನು ದತ್ತಿಯಾಗಿ ಬಿಟ್ಟ ಸಂಗತಿಯು ಅದರಿಂದ ತಿಳಿಯುತ್ತದೆ. ಭೂದತ್ತಿಯು ಕಲಾವಿದನಿಗೆ ನೆಲೆಯನ್ನು ಕೊಟ್ಟಿತು. ಆದರೆ ಹೊಲವನ್ನು ಹೊತ್ತುಕೊಂಡು ಊರೂರು ತಿರುಗಲಾಗದಷ್ಟೆ. ನಿಂತಲ್ಲಿ ಅನ್ನವನ್ನು ಕೊಡುವ ಈ ಬಗೆಯ ಪೋಷಣೆಯು ಹೊರಡುವವನಿಗೆ ಬುತ್ತಿಯನ್ನು ಕಟ್ಟಿಕೊಡಲಾರದು.

ಹೊರಟವರ ಕಥೆಯೇ ಬೇರೆ. 1842ರಲ್ಲಿ ಕನ್ನಡನಾಡಿನ ಭಾಗವತರಾಟದ ಮೇಳವೊಂದು ಮರಾಠಿ ಸಂಸ್ಥಾನವಾದ ಸಾಂಗಲಿಗೆ ಹೋಗಿ ಅಲ್ಲಿನ ಅರಸರಾದ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತು. ಅದು ಉತ್ತರ ಕನ್ನಡದ ಕರ್ಕಿಯ ಮೇಳವೆಂದು ವಿದ್ವಾಂಸರು ಹೇಳುತ್ತಾರೆ. ಆಟವನ್ನು ಮೆಚ್ಚಿದ ಅರಸರು ಅಂತಹುದನ್ನೇ ಮರಾಠಿಯಲ್ಲಿ ರಚಿಸುವಂತೆ ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಆಜ್ಞಾಪಿಸಿದರು. 1843ರಲ್ಲಿ ‘ಸೀತಾ ಸ್ವಯಂವರ’ವು ರಂಗಕ್ಕೆ ಬಂದಿತು. 1851ರಲ್ಲಿ ಅರಸರು ಕಾಲವಾದ ಮೇಲೆ ಆಶ್ರಯವು ತಪ್ಪಿತು. ಭಾವೆಯವರು ಮಂಡಳಿಯನ್ನು ಕಟ್ಟಿಕೊಂಡು ಸಂಚಾರಕ್ಕೆ ಹೊರಟು 1853ರಲ್ಲಿ ಮುಂಬಯಿಯಲ್ಲಿ ಟಿಕೀಟು ಇಟ್ಟು ನಾಟಕವಾಡಿದರು. ಎಂಟು ವರ್ಷಗಳ ರಾಜಾಶ್ರಯವು ಬೆಳೆಸಿದ್ದನ್ನು ಪಟ್ಟಣದ ಜನರ ಕಾಸು ಉಳಿಸಿತು. ಆದರೆ ಒಂದನ್ನು ಮರೆಯಲಾಗದು: ಸಾಂಗಲಿಯಲ್ಲಿ ಕನ್ನಡದ ಆಟಕ್ಕೆ ಮೆಚ್ಚುಗೆ ದೊರೆಯಿತು, ದ್ರವ್ಯವು ಮರಾಠಿಗೆ ದೊರೆಯಿತು. ಇದರಲ್ಲಿ ಅರಸರ ದೋಷವೇನೂ ಇಲ್ಲ. ತನ್ನ ಪ್ರಜೆಗಳ ನುಡಿಯನ್ನು ಪೋಷಿಸುವುದು ಅರಸನಿಗೆ ಸಹಜವೇ ಸರಿ.

ಇದೇ ನ್ಯಾಯವು ಮುಂದೆ ಕನ್ನಡಕ್ಕೂ ಒದಗಿತು. ಮರಾಠಿ, ಪಾರ್ಸಿ ಮಂಡಳಿಗಳ ಸಂಚಾರದಿಂದ ಮೈಸೂರಿನಲ್ಲಿಯೂ ಆಸಕ್ತಿಯು ಹುಟ್ಟಿ, 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದ ಕಾಲದ ಸುಮಾರಿನಲ್ಲಿ ಅರಮನೆಯ ಆಶ್ರಯದಲ್ಲಿ ಶ್ರೀ ಚಾಮರಾಜೇಂದ್ರ ಕರ್ಣಾಟಕ ನಾಟಕ ಸಭೆಯು ಏರ್ಪಟ್ಟಿತು. ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ‘ಶಾಕುಂತಲ’ವನ್ನು ಕನ್ನಡಿಸಿದ್ದು ಈ ಆಶ್ರಯದ ಫಲ. ಇಲ್ಲಿ ಅರಮನೆಯ ಪೋಷಣೆಯು ನಟರಿಗೆ ವೇತನವಾದುದಲ್ಲದೆ ಒಂದು ನುಡಿಯಿಂದ ಇನ್ನೊಂದಕ್ಕೆ ದಾಟುವ ಸೇತುವೆಯೂ ಆಯಿತು. ಹೊರನಾಡುಗಳ ದಾರಿಯನ್ನು ಹಿಡಿದವರಾದರೋ ಟಿಕೀಟನ್ನು ನಂಬಿದ ಮಂಡಳಿಗಳವರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯು ವೀರಣ್ಣನವರ ಕಾಲದಲ್ಲಿ ತಮಿಳು, ತೆಲುಗು ನಾಡುಗಳಲ್ಲಿಯೂ ಸಂಚರಿಸಿತು.

ದತ್ತಿಯೂ ಇಲ್ಲದೆ, ಟಿಕೀಟೂ ಇಲ್ಲದೆ ತಲೆಮಾರುಗಳಿಂದ ಸಂಚರಿಸಿದವರು ತೊಗಲುಗೊಂಬೆಯಾಟದ ಕಿಳ್ಳೇಕ್ಯಾತರು. ಇವರ ಮನೆಮಾತು ಮರಾಠಿಯ ಒಂದು ಪ್ರಭೇದ, ಆಟವಾಡುವುದು ಕನ್ನಡದಲ್ಲಿ. ಪ್ರೇಕ್ಷಕರ ನುಡಿಯನ್ನು ತಮ್ಮದಾಗಿಸಿಕೊಂಡುದರಿಂದಲೇ ಅವರಿಗೆ ಹಳ್ಳಿಹಳ್ಳಿಯ ಬಾಗಿಲು ತೆರೆಯಿತು. ಆದರೆ ಮನೆಮಾತು ಪರದೆಯ ಹಿಂದೆಯೇ ಉಳಿಯಿತು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆತುದು ಈ ಕಲೆಗೆ ಬಹಳ ತಡವಾಗಿ ಸಂದ ಗೌರವ.

ಈ ದೃಷ್ಟಾಂತಗಳನ್ನು ಕೂಡಿಸಿ ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಅಲ್ಪಸಂಖ್ಯಾತರ ನುಡಿಯ ಕಲಾವಿದನು ಹೊಸ ನಾಡಿಗೆ ಹೋಗುವಾಗ ದಾರಿಯ ಸುಂಕವನ್ನು ಅನೇಕ ವೇಳೆ ತನ್ನ ನುಡಿಯಿಂದಲೇ ತೆತ್ತಿದ್ದಾನೆ. ಆ ಸುಂಕವನ್ನು ಅವನ ಪರವಾಗಿ ತೆರುವುದೇ ದ್ರವ್ಯಸಹಾಯದ ಮುಖ್ಯಪ್ರಯೋಜನವೆಂದು ನಮ್ಮ ಅಭಿಪ್ರಾಯ. ಕರ್ಣಾಟಕ ಸರ್ಕಾರವು 1994ರಲ್ಲಿ ತುಳು, ಕೊಂಕಣಿ, ಕೊಡವ ಅಕಾಡೆಮಿಗಳನ್ನು ಸ್ಥಾಪಿಸಿತು. ಅನಂತರ ಬ್ಯಾರಿ, ಅರೆಭಾಷೆಗಳಿಗೂ ಅಕಾಡೆಮಿಗಳಾದುವು. ಬ್ಯಾರಿ ಭಾಷೆಯ ‘ಬ್ಯಾರಿ’ ಚಲನಚಿತ್ರವು 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ನೊಡನೆ ಹಂಚಿಕೊಂಡಿತು. ಸಣ್ಣ ನುಡಿಯೊಂದು ತನ್ನ ರೂಪವನ್ನು ಬಿಡದೆಯೇ ದೂರಕ್ಕೆ ಹೋಗಬಲ್ಲದೆಂಬುದಕ್ಕೆ ಇದು ಸಾಕ್ಷಿ. ಚಲನಚಿತ್ರಕ್ಕಾದರೆ ಪರದೆಯ ಕೆಳಗೆ ಅನುವಾದವನ್ನು ಬರೆದು ತೋರಿಸಬಹುದು. ಮೇಳಕ್ಕೂ ಗೊಂಬೆಯಾಟಕ್ಕೂ ಅರ್ಥವನ್ನು ಹೇಳುವವನೊಬ್ಬನು ಜೊತೆಯಲ್ಲಿ ಹೋಗಬೇಕು.

ಆದುದರಿಂದ ಅನುದಾನವನ್ನು ಹಂಚುವವರು ಪ್ರಯಾಣದ ಬಾಡಿಗೆಯೊಡನೆ ಅನುವಾದಕನ ಸಂಬಳವನ್ನೂ ಲೆಕ್ಕಕ್ಕೆ ಹಿಡಿಯುವುದು ಯುಕ್ತ. ಸಹಾಯಕ್ಕೆ ಒಂದು ಅವಧಿಯೂ ಇರಲಿ. ಭಾವೆಯವರ ಉದಾಹರಣೆಯಂತೆ ಮುಂದೆ ಪ್ರೇಕ್ಷಕರೇ ಪೋಷಕರಾಗಲಿ. ಕೊತ್ತತ್ತಿಯ ಸೀಮೆಯ ನಟನು ತನ್ನ ಪಾತ್ರಕ್ಕೆ ತಾನೇ ಹಣ ತೆರುವುದು ಅವನ ಅಭಿಮಾನದ ಕುರುಹು. ನುಡಿಯನ್ನು ಉಳಿಸಿಕೊಂಡು ದೂರಕ್ಕೆ ಹೊರಟವನಿಂದ ಅದನ್ನೇ ನಿರೀಕ್ಷಿಸುವುದು ನ್ಯಾಯವಲ್ಲ.